ಗಾಜಿನವನ ಟಾಪ್ ಮಾಡೆಲ್

ಬೇಸಿಕ್ ಮಾಡೆಲ್‌ಗೂ ಟಾಪ್ ಮಾಡೆಲ್‌ಗೂ ಒಂದು ಲಕ್ಷದ ನಲವತ್ತು ಸಾವಿರ ವ್ಯತ್ಯಾಸ. ಎಂಜಿನ್ ಅದೇ, ಚಕ್ರ ಅದೇ, ಹಿಂದೆ ಸರಕು ಹೇರುವ ಜಾಗವೂ ಅದೇ ಅಳತೆಯದು. ಹೆಚ್ಚಿನ ದುಡ್ಡಿಗೆ ಸಿಗುವುದು ದೊಡ್ಡದೊಂದು ಸ್ಕ್ರೀನ್, ಹಿಂದಕ್ಕೆ ನೋಡುವ ಕ್ಯಾಮೆರಾ, ಗುಂಡಿ ಒತ್ತಿದರೆ ತಾನೇ ಹಿಂದೆ ಮುಂದೆ ಸರಿಯುವ ಸೀಟು, ಸ್ಟೇರಿಂಗ್ ಮೇಲೆ ಎಂಟು ಬಟನ್, ಮತ್ತು ಹೇಳಿದ ಮಾತು ಕೇಳುವ ಗಾಡಿ. ಹನ್ನೆರಡು ವರ್ಷದಿಂದ ಈ ಶೋರೂಮಿನಲ್ಲಿ ಪಿಕಪ್ ಮಾರುತ್ತಿದ್ದೇನೆ. ದುಡಿಮೆಗೆ ಗಾಡಿ ಕೊಳ್ಳಲು ಬಂದವರಿಗೆ ನಾನು ಹೇಳುವುದು ಒಂದೇ ಮಾತು: "ಬೇಸಿಕ್ ತಗೊಳ್ಳಿ. ಉಳಿದದ್ದೆಲ್ಲ ಷೋಕಿ."

ಮ್ಯಾನೇಜರ್ ಕಿವಿಗೆ ಬಿದ್ದರೆ ಕೆಲಸ ಹೋಗುವ ಮಾತು. ಆದರೆ ತನಗೆ ಮೋಸವಾಗಲಿಲ್ಲ ಎಂದುಕೊಂಡ ಗಿರಾಕಿ ಇನ್ನಿಬ್ಬರನ್ನು ಕರೆತರುತ್ತಾನೆ ಎಂಬುದು ಮ್ಯಾನೇಜರ್‌ಗೆ ಗೊತ್ತಿಲ್ಲ.

ಗಾಜಿನವನಿಗೂ ಹಾಗೆಯೇ ಹೇಳಿದೆ. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಅವನದು. ನಲವತ್ತರ ಆಸುಪಾಸು. ಬೆರಳುಗಳ ಮೇಲೆಲ್ಲ ಬಿಳಿ ಗೀರುಗಳು.

"ಗಾಜಿನ ಲೋಡಿಗೆ ಬೇಕಾದ್ದು ಗಟ್ಟಿ ಸ್ಟ್ಯಾಂಡು. ಸ್ಕ್ರೀನ್ ಇಟ್ಕೊಂಡು ಏನ್ಮಾಡ್ತೀರಿ?" ಎಂದೆ.

"ನನಗೆ ಮಾತು ಕೇಳೋ ಗಾಡೀನೇ ಬೇಕು."

"ಯಾಕೆ, ಮನೇಲಿ ಯಾರೂ ಮಾತು ಕೇಳಲ್ವಾ?"

"ಮನೇಲಿರೋದು ಅಕ್ಕ ಒಬ್ಬಳೇ. ಅಲ್ಲಿ ಕೇಳೋ ಕೆಲಸ ನಂದು."

ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ, ನಾನು ನಗುವುದನ್ನು ನೋಡುತ್ತ ನಿಂತ. ಮೂವತ್ತೆಂಟು ವರ್ಷದ ಹೆಂಗಸಿಗೆ ಅಂಥ ನೋಟ ಹೊಸದೇನಲ್ಲ. ಆದರೂ ಕೈಯಲ್ಲಿದ್ದ ಬೆಲೆಪಟ್ಟಿ ತಲೆಕೆಳಗಾಗಿದ್ದದ್ದು ಸ್ವಲ್ಪ ಹೊತ್ತು ನನಗೆ ಕಾಣಲೇ ಇಲ್ಲ.

ಗಾಡಿ ಕೊಡುವ ದಿನ ಪಕ್ಕದ ಸೀಟಿನಲ್ಲಿ ಕೂತು ಎಲ್ಲವನ್ನೂ ತೋರಿಸಿಕೊಡುವುದು ನನ್ನ ಕೆಲಸ. ಸೀಟಿನ ಎತ್ತರ ಸರಿ ಮಾಡಿಸಿದೆ. ಸ್ಟೇರಿಂಗ್ ಎದೆಗೆ ಎಷ್ಟು ದೂರವಿರಬೇಕು ಎಂದು ಗೇಣು ಹಾಕಿ ತೋರಿಸಿದೆ. ಎಡಗಡೆ ಬಟನ್ ಹಾಡಿಗೆ, ಬಲಗಡೆಯದು ಫೋನಿಗೆ, ಕೆಳಗಿನದನ್ನು ಒತ್ತಿ ಮಾತಾಡಿದರೆ ಗಾಡಿ ಕೇಳುತ್ತದೆ. ಅವನು ಬಟನ್ನನ್ನು ಬೆರಳ ತುದಿಯಿಂದ ಒತ್ತದೆ ಮಡಿಸಿದ ಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದ. ಬೆರಳ ತುದಿ ಕುಯ್ದುಕೊಂಡಿರಬೇಕು, ಗಾಜಿನ ಕೆಲಸದವರಿಗೆ ಇದೇ ಅಭ್ಯಾಸವೇನೋ ಎಂದುಕೊಂಡು ಸುಮ್ಮನಾದೆ. ಅಲ್ಲಿಯೇ ನಾನು ತಪ್ಪಿದ್ದು.

"ಈಗ ಮನೆಯವರಿಗೆ ಒಂದು ಕಾಲ್ ಮಾಡಿ. ಫೋನಿಗೆ ಕೈ ಮುಟ್ಟಿಸಬಾರದು, ಬಾಯಲ್ಲೇ ಹೇಳಬೇಕು" ಎಂದೆ. ಹೊಸ ಗಾಡಿಯಿಂದ ಮೊದಲ ಕರೆ ಬೇಕಾದವರಿಗೆ ಹೋಗಲಿ ಎಂದು ನಾನೇ ಮಾಡಿಕೊಂಡ ರೂಢಿ ಅದು.

ಅವನು ಗಂಟಲು ಸರಿಮಾಡಿಕೊಂಡು, ಬಟನ್ ಒತ್ತಿ, "ಶೋರೂಮ್ ಮೇಡಂಗೆ ಕಾಲ್ ಮಾಡು" ಎಂದ. ನನ್ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಹಲೋ" ಎಂದೆ, ಒಂದು ಮೊಳ ದೂರದಿಂದ. ನನ್ನ ದನಿ ಎರಡೂ ಬಾಗಿಲ ಸ್ಪೀಕರ್‌ಗಳಿಂದ ನನಗೇ ಕೇಳಿಸಿತು.

ಆಮೇಲೆ ಅವನಿಗೆ ವಾರಕ್ಕೊಂದು ಡೌಟು. ಕ್ಯಾಮೆರಾದಲ್ಲಿ ಹಳದಿ ಗೆರೆ ಯಾಕೆ? ಸೀಟುಗಳ ನಡುವಿನ ಡಬ್ಬಿಯ ಮುಚ್ಚಳ ತೆಗೆಯುವುದು ಹೇಗೆ? ಸರ್ವಿಸ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಮೇಡಂ, ನಿಮ್ಮ ಗಾಜು ಬಂತು. ಹುಷಾರಾಗಿ ಇಳಿಸ್ಕೊಳ್ಳಿ" ಎಂದು ಛೇಡಿಸುತ್ತಿದ್ದ. ಗಾಜಿನವನು ಎರಡು ಕಪ್ ಚಹಾ ತರಿಸುತ್ತಿದ್ದ, ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಮಾತು ನಿಧಾನವಾಗಿತ್ತು. ಸಂಕೋಚದವನು ಅಂದುಕೊಂಡೆ. ಸಂಕೋಚದ ಗಂಡಸರು ಅಪರೂಪ, ಹಾಗಾಗಿ ಇನ್ನಷ್ಟು ಇಷ್ಟವಾದ.

ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಬಂದವನ ಮುಖ ಬಿಗಿದಿತ್ತು. "ಗಾಡಿ ಮಾತು ಕೇಳ್ತಿಲ್ಲ. ಮೈಕ್ ಹೋಗಿದೆ."

ಮೇಸ್ತ್ರಿ ಮೈಕ್ ಬದಲಾಯಿಸಿದ. ಅವನು ಕೂತು, "ಅಕ್ಕನಿಗೆ ಕಾಲ್ ಮಾಡು" ಎಂದ. "ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ" ಎಂದಿತು ಗಾಡಿ. ಮತ್ತೊಮ್ಮೆ ಹೇಳಿದ. ಮತ್ತದೇ ಉತ್ತರ. ನಾನು ಪಕ್ಕದಿಂದ ಬಗ್ಗಿ ಅದೇ ಮಾತನ್ನು ಮೆಲ್ಲಗೆ ಹೇಳಿದೆ. ಕೂಡಲೇ ಅಕ್ಕನ ಹೆಸರು ಸ್ಕ್ರೀನ್ ಮೇಲೆ ಬಂತು. ಗಾಬರಿಯಿಂದ ಕಟ್ ಮಾಡಿದೆ.

ಮೇಸ್ತ್ರಿ ನನ್ನ ಮುಖ ನೋಡಿದ, ಟೂಲ್ ಬಾಕ್ಸ್ ಎತ್ತಿಕೊಂಡು ಹೊರಟುಹೋದ.

"ಇನ್ನೊಂದ್ಸಲ ಹೇಳಿ" ಎಂದು ಕಣ್ಣು ಮುಚ್ಚಿ ಕೂತೆ. ಹೇಳಿದ. ಆಗ ಕೇಳಿಸಿತು. ಅಕ್ಷರಗಳು ಒಂದರ ಮೇಲೊಂದು ಜಾರುತ್ತಿದ್ದವು, ನಾಲಿಗೆಯ ಮೇಲೆ ಕಲ್ಲಿಟ್ಟ ಹಾಗೆ. ಎಷ್ಟು ವಾರಗಳಿಂದ ಹೀಗೆ ಮಾತಾಡುತ್ತಿದ್ದನೋ. ಅವನು ನುಂಗಿದ ಅಕ್ಷರಗಳನ್ನೆಲ್ಲ ನನ್ನ ಕಿವಿಯೇ ತುಂಬಿಸಿಕೊಳ್ಳುತ್ತಿತ್ತು. ಗಾಡಿಗೆ ಅವನ ಮೇಲೆ ಪ್ರೀತಿ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಕೇಳಿತು.

"ಮೈಕ್ ಸರಿಯಾಗಿದೆ" ಎಂದೆ.

ಅವನು ಸ್ಟೇರಿಂಗ್ ಮೇಲಿನ ಬಟನ್ನನ್ನು ಗೆಣ್ಣಿನಿಂದ ಸವರಿದ. "ಗೊತ್ತು. ಆದ್ರೂ ಮೈಕೇ ಆಗಿರಲಿ ಅಂತ ಬಂದೆ."

ನರದ ಕಾಯಿಲೆ. ಗಾಡಿ ಕೊಳ್ಳುವ ಮೊದಲೇ ಡಾಕ್ಟರ್ ಹೇಳಿದ್ದರಂತೆ. ಅವನಿಗೆ ಕೈಯಿಂದ ಶುರುವಾಗಿತ್ತು. ಮುಂದೆ ನಾಲಿಗೆ, ನುಂಗುವುದು, ಕೊನೆಗೆ ಉಸಿರು. ಔಷಧಿ ಇಲ್ಲ.

"ಕೈ ಹೋದ್ರೆ ಬಾಯಿ ಇರುತ್ತಲ್ಲ ಅಂತ ಟಾಪ್ ಮಾಡೆಲ್ ತಗೊಂಡೆ. ನೀವು ಹೇಳಿದ್ದೇ ಸರಿ. ಬೇಸಿಕ್ ಸಾಕಿತ್ತು." ನಗಲು ನೋಡಿದ. ನನಗೆ ಆ ನಗು ನೋಡಲಾಗಲಿಲ್ಲ.

"ಅಕ್ಕನಿಗೆ ಗೊತ್ತಾ?"

"ಇಲ್ಲ. ಹೇಳ್ಬೇಡಿ. ಆಸ್ಪತ್ರೆ ಕಿಟಕಿ ಕೆಲಸ ಒಂದು ಒಪ್ಕೊಂಡಿದೀನಿ. ಅದು ಮುಗಿಯೋವರೆಗೆ ಓಡಿಸ್ತೀನಿ."

ನಾನು ಅಂಗೈ ಚಾಚಿದೆ. "ಕೀ ಕೊಡಿ."

"ಏನು?"

"ಬ್ರೇಕಿಗೂ ಬಾಯಲ್ಲಿ ಹೇಳ್ತೀರಾ? ಹಿಂದೆ ಗಾಜು, ಮುಂದೆ ಜನ. ಕೊಡಿ."

ಅವನ ಕಣ್ಣಲ್ಲಿ ಅಂಥ ಸಿಟ್ಟು ಅದಕ್ಕೆ ಮೊದಲು ಕಂಡಿರಲಿಲ್ಲ. "ಮಾರಿದವರೂ ನೀವೇ, ಕಿತ್ಕೊಳ್ಳೋರೂ ನೀವೇನಾ? ನನ್ನದು ಅಂತ ಉಳಿದಿರೋದು ಇದೊಂದೇ. ನೀವು ನನಗೆ ಯಾರು?"

ಕೀ ಕೊಟ್ಟರೆ ಅವನು ಇನ್ನು ಇತ್ತ ತಲೆ ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಡೌಟು ಕೇಳುವವನು, ಚಹಾ ತರಿಸುವವನು ಇರುವುದಿಲ್ಲ. ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೋಳು ನೋಯತೊಡಗಿತು.

"ಯಾರೂ ಅಲ್ಲ. ಆಗೋಣ ಅಂತ ಏಳು ತಿಂಗಳಿಂದ ಕಾಯ್ತಾ ಇದ್ದವಳು" ಎಂದೆ.

ಅವನ ಸಿಟ್ಟು ಇಳಿಯಲಿಲ್ಲ, ಕುಸಿಯಿತು. ಕೀ ತೆಗೆಯಲು ಸ್ಟೇರಿಂಗ್ ಪಕ್ಕಕ್ಕೆ ಕೈ ಹಾಕಿದ, ಬೆರಳು ಹಿಡಿಯಲಿಲ್ಲ. ಎರಡು ಸಲ ಜಾರಿತು. ನಾನು ಸಹಾಯ ಮಾಡಲಿಲ್ಲ, ಅದು ಅವನೇ ಕೊಡಬೇಕಾದದ್ದು. ಮೂರನೆಯ ಸಲ ಕೀ ನನ್ನ ಅಂಗೈಗೆ ಬಿತ್ತು. ಅದರ ಜೊತೆ ಅವನ ಕೈಯೂ ಅಲ್ಲಿಯೇ ಉಳಿಯಿತು. ಗೀರುಬಿದ್ದ, ತಣ್ಣಗಿನ, ಬಲವಿಲ್ಲದ ಕೈ.

ಅವನು ಏನೋ ಹೇಳಲು ಹೊರಟ. ಮೊದಲ ಅಕ್ಷರಕ್ಕೇ ಮಾತು ಮುಗ್ಗರಿಸಿತು.

"ನಿಧಾನಕ್ಕೆ ಹೇಳು. ನನಗೇನು ಅರ್ಜೆಂಟಿಲ್ಲ."

ಹೇಳಿದ. ಬಹಳ ಹೊತ್ತು ಹಿಡಿಯಿತು. ಪೂರ್ತಿ ಕೇಳಿದೆ.

ಆ ಸಂಜೆ ಸೀಟನ್ನು ಮುಂದಕ್ಕೆಳೆದುಕೊಂಡು ನಾನೇ ಗಾಡಿ ಓಡಿಸಿ ಅವನನ್ನು ಮನೆಗೆ ಬಿಟ್ಟೆ. ಬಾಗಿಲು ತೆರೆದ ಅಕ್ಕ ಅವನು ಪಕ್ಕದ ಸೀಟಿನಿಂದ ಇಳಿಯುವುದನ್ನು ನೋಡಿದಳು. "ಯಾರಮ್ಮ ನೀನು? ಇವನ್ಯಾಕೆ ಅಲ್ಲಿ ಕೂತಿದ್ದ?" ನಾನೇ ಹೇಳಿದೆ. ಅಕ್ಕ ಅಳಲಿಲ್ಲ, ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಆಮೇಲೆ ಎದ್ದು, "ಒಳಗೆ ಬಾ" ಎಂದಳು. ಕರೆದದ್ದು ನನ್ನನ್ನು.

ಅವನನ್ನು ಮದುವೆಯಾಗುತ್ತೇನೆ ಎಂದಾಗ ನನ್ನ ಅಮ್ಮ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ, "ಹಗಲು ಕಂಡ ಬಾವಿಗೆ ಇರುಳು ಬೀಳ್ತೀಯಲ್ಲೇ" ಎಂದಳು.

"ಇರುಳಲ್ಲ ಅಮ್ಮ, ಹಗಲಲ್ಲೇ ಇಳೀತಿದೀನಿ. ಮೆಟ್ಟಿಲು ಎಣಿಸ್ಕೊಂಡು."

ರಿಜಿಸ್ಟರ್ ಆಫೀಸಿನಲ್ಲಿ ಅವನ ಸಹಿ ಗೆರೆಯ ಆಚೆ ಹೋಯಿತು. ಗುಮಾಸ್ತ ತಕರಾರು ಮಾಡಲಿಲ್ಲ. ಭಾನುವಾರಗಳಲ್ಲಿ ಅವನ ಸೀಟನ್ನು ಹಿಂದಕ್ಕೆ ಒರಗಿಸಿ, ಅವನು ಗಾಜು ಕೂರಿಸಿದ ಕಟ್ಟಡಗಳ ಮುಂದೆ ಗಾಡಿ ಓಡಿಸುತ್ತಿದ್ದೆ. ಗಲ್ಲ ಎತ್ತಿ ತೋರಿಸುತ್ತಿದ್ದ: ಅದು ನನ್ನದು, ಅದೂ ನನ್ನದು. ಆಮೇಲೆ ಗಲ್ಲ ಎತ್ತಲೂ ಆಗಲಿಲ್ಲ. ಅವನ ಕಣ್ಣು ಹೋದ ಕಡೆ ನಿಲ್ಲಿಸುತ್ತಿದ್ದೆ. ಅತ್ತದ್ದೆಲ್ಲ ಶೋರೂಮಿನ ಟಾಯ್ಲೆಟ್ಟಿನಲ್ಲಿ, ನಲ್ಲಿ ತಿರುಗಿಸಿಟ್ಟು. ಮನೆಯಲ್ಲಿ ಅಳಲು ಪುರುಸೊತ್ತಿರಲಿಲ್ಲ.

ನನಗೆ ಸಿಕ್ಕಿದ್ದು ಹನ್ನೊಂದು ತಿಂಗಳು. ಅದರಲ್ಲಿ ಅವನಿಗೆ ಮಾತಿದ್ದದ್ದು ನಾಲ್ಕು.