ಖಾಲಿ ಬಿಟ್ಟ ಎಡಗಣ್ಣು

ಡ್ರ್ಯಾಗನ್ ಕಥೆ ಬರೆದು ಹೊಟ್ಟೆ ಹೊರೆಯುವವನು ನಾನು. ಕಟ್ಟಿದ್ದು ಯಾವುದು, ನಡೆದದ್ದು ಯಾವುದು ಎಂದು ನನಗೆ ಚೆನ್ನಾಗಿ ಗೊತ್ತು. ಇದು ನಡೆದದ್ದು.

ಮೂರನೇ ಪುಸ್ತಕ ಅಚ್ಚಿಗೆ ಹೋದ ಸುದ್ದಿಯನ್ನು ಓದುಗರಿಗೆ ತಿಳಿಸಬೇಕಿತ್ತು. ಅವರೇ ಬರೆದು ಕಳಿಸಿದ್ದ ಹನ್ನೊಂದು ಡ್ರ್ಯಾಗನ್ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಹೆಮ್ಮೆಯಿಂದ ಫೋಟೊ ತೆಗೆದು, ಸುದ್ದಿಯ ಜೊತೆ ಜಾಲತಾಣದಲ್ಲಿ ಹಾಕಿದೆ. ಮಧ್ಯಾಹ್ನ ನನ್ನ ಸಂಪಾದಕಿ ಫೋನ್ ಮಾಡಿದರು.

“ಏನ್ ಸರ್, ಎಲ್ರೂ ಮಾತಾಡ್ಕೊಂಡು ಬರೆದಿದ್ದಾರಾ? ಒಂದಕ್ಕೂ ಎಡಗಣ್ಣೇ ಇಲ್ವಲ್ಲ!”

ತಿರುಗಿ ನೋಡಿದೆ. ಅಂಟಿಸುವಾಗ ಎಲ್ಲಕ್ಕೂ ಎರಡೆರಡು ಕಣ್ಣಿದ್ದವು. ಈಗ ಎಡಗಣ್ಣಿನ ಜಾಗದಲ್ಲಿ ಬರೀ ಬಿಳಿ ಕಾಗದ. ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಕೋಣೆಯ ತುಂಬ ಕ್ರೇಯಾನಿನ ಮೇಣದ ವಾಸನೆ.

ನನ್ನ ಕಥೆಗಳ ಈ ಡ್ರ್ಯಾಗನ್ ಮೊದಲು ಹುಟ್ಟಿದ್ದು ನನ್ನ ಅಕ್ಕನ ಕೈಯಲ್ಲಿ. ಮಂಚದ ಕೆಳಗೆ ಬೋರಲು ಮಲಗಿ ಬರೆಯುತ್ತಿದ್ದಳು. ಪ್ರತಿ ಸಲವೂ ಎಡಗಣ್ಣನ್ನು ಖಾಲಿ ಬಿಟ್ಟು, “ಇದು ನಿಂದು ಕಣೋ, ಬಣ್ಣ ತುಂಬು, ಗೆರೆ ದಾಟ್ಬೇಡ,” ಎನ್ನುತ್ತಿದ್ದಳು. ನಾನು ದಾಟಿಯೇ ದಾಟುತ್ತಿದ್ದೆ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ.

ಕ್ರೇಯಾನ್ ಹುಡುಕಿ ತಂದೆ. “ಆಯ್ತು ಕಣೇ, ತುಂಬ್ತೀನಿ,” ಎಂದು ಒಂದೊಂದೇ ಕಣ್ಣು ತುಂಬುತ್ತ ಹೋದೆ. ಹನ್ನೊಂದೂ ಮುಗಿದವು. ಗೋಡೆಯ ತುದಿಯಲ್ಲಿ ಹನ್ನೆರಡನೆಯದೊಂದು ಇತ್ತು. ಅದರ ಎಡಗಣ್ಣು ಆಗಲೇ ತುಂಬಿತ್ತು, ಗೆರೆ ದಾಟಿ, ಸೊಟ್ಟಗೆ.

ಅಕ್ಕ ಹತ್ತು ವರ್ಷಕ್ಕೇ ತೀರಿಕೊಂಡಾಗ ಅವಳ ಚಿತ್ರಗಳನ್ನೆಲ್ಲ ಅಮ್ಮ ಅವಳ ಜೊತೆಯಲ್ಲೇ ಕಳಿಸಿಬಿಟ್ಟಿದ್ದಳು. ಒಂದನ್ನೂ ಉಳಿಸಿಕೊಂಡಿರಲಿಲ್ಲ.