ಹುಲ್ಲು ಕತ್ತರಿಸುವ ಇಂಜಿನ್ನು

ಮೂವತ್ತೇಳನೇ ಇಸವಿಯಲ್ಲಿ ಮಧುಗಿರಿಯ ಸಾಹುಕಾರ್ ಮಹಾಲಿಂಗಯ್ಯನವರ ಬಂಗಲೆಗೆ ಹುಲ್ಲು ಕತ್ತರಿಸುವ ಹಳೆಯ ಇಂಜಿನ್ನೊಂದು ಬಂತು, ಜೊತೆಗೊಂದು ಡಬ್ಬಿ ಎಣ್ಣೆ. ಅದು ಯಾವ ಎಣ್ಣೆಯೆಂದು ಮಾಲಿ ದಸ್ತಗೀರ್ ಸಾಬ್ ನನ್ನನ್ನು ಕೇಳಿದ. ನಾನು ಮೇಸ್ತ್ರಿಯೇನೋ ಹೌದು, ಆದರೆ ಕಂಡಿದ್ದೆಲ್ಲ ಹಿಟ್ಟಿನ ಗಿರಣಿಯ ಇಂಜಿನ್ನುಗಳು. ಮೂಸಿಯೂ ನೋಡದೆ, "ಸೀಮೆಎಣ್ಣೆ ಕಣಪ್ಪ, ಬಿಸಿ ಇದ್ರೂ ಹುಯ್ಯಿ, ಏನೂ ಆಗಕಿಲ್ಲ" ಅಂದುಬಿಟ್ಟೆ. ಡಬ್ಬಿಯಲ್ಲಿದ್ದದ್ದು ಪೆಟ್ರೋಲು. ಕಾದ ಇಂಜಿನ್ನಿಗೆ ಹುಯ್ಯುವಾಗ ಭಗ್ಗನೆ ಹೊತ್ತಿಕೊಂಡು, ಮೂರನೇ ದಿನ ಅವನು ಹೋದ. ಬೀಡಿ ಸೇದುತ್ತಿದ್ದನೆಂದು ಊರು ಅವನನ್ನೇ ದೂರಿತು. ನಾನು ಬಾಯಿ ಬಿಡಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಸಾಹುಕಾರರು ಅದನ್ನು ಮಾರಲು ಹೊರಟು ನನ್ನನ್ನು ಕರೆಸಿದರು. "ಇದ್ಯಾವ ಜಾತಿ ಇಂಜಿನ್ನು, ಏನು ಕುಡೀತದೆ, ನೋಡಿ ಹೇಳಯ್ಯ."

ಕೊಟ್ಟಿಗೆಯ ಬಾಗಿಲು ತೆರೆದವಳು ದಸ್ತಗೀರನ ಹೆಂಡತಿ ಹುಸೇನ್ ಬಿ. ಗಂಡ ಹೋದ ಮೇಲೆ ಬಂಗಲೆಯಲ್ಲೇ ಕಸ ಗುಡಿಸುತ್ತಿದ್ದಳು. ಒಳಗಿದ್ದ ಇಂಜಿನ್ನನ್ನು ಮಗುಚಿ ನೋಡಿದೆ. ಇಂಜಿನ್ ಎಣ್ಣೆಗೆ ಬೇರೆ ತೂತಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸುವ ಎರಡು ಸ್ಟ್ರೋಕಿನದು. ಟ್ಯಾಂಕು ಒಣಗಿ ಒಳಗೆ ಜೇಡ ಬಲೆ ಕಟ್ಟಿತ್ತು. ಅಂಗಳದ ಹುಲ್ಲೆಲ್ಲ ಬಿಸಿಲಿಗೆ ಸುಟ್ಟುಹೋಗಿತ್ತು, ಆದರೆ ಬ್ಲೇಡಿಗೆ ಹಸಿರು ಹುಲ್ಲು ಒದ್ದೆಯಾಗಿ ಅಂಟಿತ್ತು. ಸಿಲಿಂಡರಿನ ಮೇಲೆ ಕೈಯಿಟ್ಟವನು ಸರಕ್ಕನೆ ಹಿಂದೆಳೆದುಕೊಂಡೆ.

ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. "ಇದು ಪೆಟ್ರೋಲಿಂದು ಕಣಮ್ಮ. ನಾನೇ ಅವನಿಗೆ ಸೀಮೆಎಣ್ಣೆ ಅಂದಿದ್ದೆ. ಬೀಡಿಯಿಂದ ಆದದ್ದಲ್ಲ" ಎಂದೆ.

ಹುಸೇನ್ ಬಿ ಬಗ್ಗಿ ಇಂಜಿನ್ನನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು.

"ಹಂಗಾರೆ ಈಗ್ಲೇ ಎಣ್ಣೆ ಹುಯ್ಯಬ್ಯಾಡಿ ಮೇಸ್ತ್ರಿ," ಎಂದಳು. "ಇನ್ನೂ ಬಿಸಿ ಐತೆ."