ಬೇಡ ಅಂದಿದ್ದ ಸ್ಟೆಪ್ನಿ

ಎಷ್ಟೇ ಆತುರವಿದ್ದರೂ ಒಂದು ಗಳಿಗೆ ನಿಂತು ಇದನ್ನು ಪೂರ್ತಿ ಕೇಳಿ. ಹಳೇ ಕಾರಿನ ಹುಚ್ಚಿರುವವರಂತೂ ಕೇಳಲೇಬೇಕು.

“ನಾಲ್ಕು ಚಕ್ರ ನಿನ್ನಿಷ್ಟ. ಡಿಕ್ಕಿಯಲ್ಲಿರೋ ಸ್ಟೆಪ್ನಿ ಮಾತ್ರ ಹಾಕಬೇಡಪ್ಪ,” ಎಂದಳು ಕಾರು ಮಾರಿದ ಮುದುಕಿ. “ಗಂಡನ ಪಕ್ಕ ಇನ್ನೊಬ್ಬಳು ಕೂರಬಾರದು ಅಂತ ಅದಕ್ಕೆ ನಾನೇ ಮಾಟ ಮಾಡಿಸಿದ್ದೆ. ಆವತ್ತು ಕೂತಿದ್ದು ನನ್ನ ಮಗಳು.”

ಒಳಕೋಣೆಯ ಮಂಚದ ಮೇಲೆ ಮಗಳು ಕಣ್ಣು ತೆರೆದೇ ಮಲಗಿದ್ದಳು. ಕೈಕಾಲು ಆಡದು, ಮಾತಿಲ್ಲ. ಕೂದಲು ಕತ್ತಿನವರೆಗೆ ಮಾತ್ರ.

ಕಾರು ಕೊಂಡವನನ್ನು ಎಲ್ಲರೂ ಬೋಲ್ಟು ಎಂದೇ ಕರೆಯುತ್ತಿದ್ದರು. ಅವನಿಗೆ ನಗು ತಡೆಯಲಾಗಲಿಲ್ಲ. “ಇಷ್ಟು ವರ್ಷದಲ್ಲಿ ಟೈರಿನ ಗಾಳಿ ಜೊತೆ ಮಾಟದ ಗಾಳಿನೂ ಹೋಗಿರುತ್ತೆ ಬಿಡಿ ಅಜ್ಜಿ.”

ಮುದುಕಿ ಕಾರಿನ ಕೀಲಿ ಅವನ ಕೈಗಿಟ್ಟಳು.

ಎರಡೇ ಸೀಟಿನ ಬ್ರಿಟಿಷ್ ಕಾರು ಅದು. ಸೈಕಲ್ಲಿನಂತೆ ಕಡ್ಡಿಗಳ ಚಕ್ರ. ಪ್ರತಿ ಚಕ್ರವನ್ನೂ ನಟ್ಟನಡುವೆ ರೆಕ್ಕೆಯಿರುವ ಒಂದೇ ಒಂದು ದೊಡ್ಡ ನಟ್ಟು ಹಿಡಿದಿಟ್ಟಿರುತ್ತದೆ. ಕಾರು ಮುಂದಕ್ಕೆ ಓಡಿದಷ್ಟೂ ಅದು ತಾನಾಗಿಯೇ ಬಿಗಿಯಾಗುತ್ತದೆ. ಬೋಲ್ಟು ಮರುಳಾಗಿದ್ದೇ ಆ ಚಂದಕ್ಕೆ.

ಹೊಸ ಟೈರು ಕೂರಿಸುವಾಗ ಮುಂದಿನ ಎಡಚಕ್ರದ ಆರೇಳು ಕಡ್ಡಿ ಮುರಿದಿದ್ದು ಕಂಡಿತು. ಬೇರೆ ಚಕ್ರ ತರಿಸಲು ತಿಂಗಳುಗಟ್ಟಲೆ ಕಾಯಬೇಕು. ಮರುದಿನವೇ ಅಕ್ಕನ ಹುಟ್ಟುಹಬ್ಬ. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳು. ಮೊದಲ ಸುತ್ತು ನಿನಗೇ ಎಂದು ಮಾತು ಕೊಟ್ಟುಬಿಟ್ಟಿದ್ದ. ಸ್ಟೆಪ್ನಿ ಹೊರಗೆಳೆದ.

ಹಳೇ ಟೈರು ಕಿತ್ತೊಡನೆ ಶೆಡ್ಡಿನ ತುಂಬ ಸುಟ್ಟ ಕೂದಲಿನ ವಾಸನೆ. ಕಡ್ಡಿಯ ತುದಿಗಳು ಟ್ಯೂಬಿಗೆ ಚುಚ್ಚದಂತೆ ರಿಮ್ಮಿಗೆ ಸುತ್ತಿದ್ದ ರಬ್ಬರ್ ಪಟ್ಟಿ ಬಿಚ್ಚಿದ. ಅದರಡಿಯಲ್ಲಿ ಜಡೆ. ಹೆಣೆದ ಹೆಣ್ಣಿನ ಜಡೆ, ರಿಮ್ಮನ್ನು ಹಾವಿನಂತೆ ಬಳಸಿಕೊಂಡಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ಒಂದು ಕ್ಷಣ ಕೈ ತಡೆಯಿತು. ಆಮೇಲೆ ಕಿತ್ತು ಕಸದ ಡಬ್ಬಕ್ಕೆಸೆದ. ಹೊಸ ಪಟ್ಟಿ, ಹೊಸ ಟ್ಯೂಬು, ಹೊಸ ಟೈರು. ನಟ್ಟಿನ ರೆಕ್ಕೆಗೆ ತಾಮ್ರದ ಸುತ್ತಿಗೆಯಿಂದ ತೋಳು ಸೋಲುವವರೆಗೆ ಹೊಡೆದ.

ಮರುದಿನ ಅಕ್ಕ ಎಡಗಡೆ ಕೂತು, ಸೊಂಟದುದ್ದದ ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. “ಲೋ, ಇದೇನು ಕಾರೋ ತಗಡಿನ ಡಬ್ಬಿಯೋ? ಕಾಲು ಎಲ್ಲಿಡಲಿ?”

“ಮಡಚಿಟ್ರೆ ನೀನು ಮಹಾರಾಣಿ. ಚಾಚಿದ್ರೆ ಇಂಜಿನ್ನಿಗೆ ಒದೀತೀಯ ಅಷ್ಟೆ.”

ಸೇತುವೆ ಏರುವಾಗ ಮುಂದಿನ ಎಡಚಕ್ರದಲ್ಲಿ ಸದ್ದು ಶುರುವಾಯಿತು. ಟಿಕ್. ಟಿಕ್. ಮತ್ತೆ ಆ ವಾಸನೆ.

“ಯಾರೋ ನನ್ನ ಜಡೆ ಎಳೀತಿದಾರೆ ಕಣೋ.” ಅಕ್ಕನ ದನಿ ಸಣ್ಣಗಾಗಿತ್ತು.

ಬ್ರೇಕ್ ಒತ್ತಿದ. ಹಿಡಿಯಲಿಲ್ಲ. ಮತ್ತೆ ಒತ್ತಿದ. ಬಿಗಿಯಾಗಬೇಕಿದ್ದ ನಟ್ಟು ಬಿಚ್ಚಿ ಹಾರಿತು. ಚಕ್ರ ಕಳಚಿತು. ಕಾರು ಎಡಕ್ಕೆ ಕುಸಿಯಿತು. ಕಿಡಿ. ಕೂಗು. ಕಂಬಿಗೆ ತಾಗಿ ನಿಂತಿತು.

ಇಬ್ಬರಿಗೂ ಒಂದು ಗೀರೂ ಇಲ್ಲ. ಆದರೆ ಅಕ್ಕ ಕಣ್ಣು ತೆರೆದೇ ಒರಗಿದ್ದಳು. ಮಾತಿಲ್ಲ. ಜಡೆ ಕತ್ತಿನ ಬಳಿಯೇ ತುಂಡಾಗಿತ್ತು.

ಡಾಕ್ಟರು ಕೈಚೆಲ್ಲಿದ ಮೇಲೆ ಅವನು ಆ ಟೈರು ಬಿಚ್ಚಿದ. ತಾನೇ ಸುತ್ತಿದ್ದ ಪಟ್ಟಿಯ ಅಡಿಯಲ್ಲಿ ಅಕ್ಕನ ಜಡೆ. ಎಳೆದ. ಚಾಕು ಹಾಕಿದ. ಒಂದು ಎಳೆಯೂ ಬರಲಿಲ್ಲ.

ಮುದುಕಿಯ ಮನೆಗೆ ಓಡಿದ. ಬಾಗಿಲು ತೆರೆದವಳು ಮಗಳು. ತನ್ನ ಕಾಲ ಮೇಲೆ ನಿಂತಿದ್ದಳು.

“ನಾನು ಬೇಡ ಅಂದಿದ್ದೆ ಅಲ್ವಾ,” ಮುದುಕಿ ಅವನ ಮುಖ ನೋಡಲಿಲ್ಲ. “ಹಾಕಿದವರ ಕೈಗೆ ಅದು ಬಿಚ್ಚಲ್ಲಪ್ಪ. ನಾನೂ ಮಗಳ ಜಡೆ ಎಳೆದೂ ಎಳೆದೂ ಸೋತಿದ್ದೆ. ಬೇರೆಯವರೇ ಕೀಳಬೇಕು, ಆಗಲೇ ಮಲಗಿದವಳು ಏಳೋದು. ಬೇಡ ಅಂದ್ರೇನೇ ನಿಮ್ಮಂಥೋರು ಕೀಳೋದು.”

ಈಗ ಕಾರು ಮಾರಾಟಕ್ಕಿದೆ. ಸ್ಟೆಪ್ನಿ ಮತ್ತೆ ಡಿಕ್ಕಿ ಸೇರಿದೆ. ನಿನ್ನೆ ಕೊಳ್ಳಲು ಒಬ್ಬ ಬಂದಿದ್ದ, ತಂಗಿಯ ಜೊತೆ. ಅವಳ ಜಡೆ ಉದ್ದ. ಒಳಕೋಣೆಯ ಮಂಚದ ಮೇಲೆ ಅಕ್ಕನ ತೆರೆದ ಕಣ್ಣು.

ಬೋಲ್ಟು ಬಾಯಿ ತೆರೆದ. “ಸ್ಟೆಪ್ನಿ ಮಾತ್ರ…”

ನೀವಾಗಿದ್ದರೆ ಆ ಮಾತು ಮುಗಿಸುತ್ತಿದ್ದಿರಾ, ನುಂಗುತ್ತಿದ್ದಿರಾ?